ಗಡಿಯಾಚೆಯ ದವಾಖಾನೆ

ಬೆಳಗಿನ ಜಾವ ಘಟಪ್ರಭಾ ಸ್ಟೇಶನ್ನಿನಲ್ಲಿ ಮಿರಜದ ಗಾಡಿಗಾಗಿ ಕಾದು ಕುಳಿತವರನ್ನು ಒಮ್ಮೆ ನೋಡಿರಿ. ವ್ಯಾಪಾರಕ್ಕೆ ಹೊರಟವರ ಮುಖದಲ್ಲಿ ಅವಸರ, ಮದುವೆಗೆ ಹೊರಟವರ ಮುಖದಲ್ಲಿ ಕಳೆ. ಈ ಎರಡೂ ಇಲ್ಲದ ಮೂರನೆಯ ಬಗೆಯವರೂ ಅಲ್ಲಿರುತ್ತಾರೆ. ಕಂಬಳಿ ಹೊದ್ದ ಮುದುಕನೊಬ್ಬ ಬೆಂಚಿಗೆ ಒರಗಿರುತ್ತಾನೆ. ಪಕ್ಕದಲ್ಲಿ ಮಗ, ಅವನ ಕಂಕುಳಲ್ಲಿ ಎಕ್ಸ್‌ರೇ ಚಿತ್ರಗಳ ದೊಡ್ಡ ಲಕೋಟೆ. ಸೊಸೆಯ ಮಡಿಲಲ್ಲಿ ರೊಟ್ಟಿಯ ಗಂಟು. "ಎಲ್ಲಿಗ್ರಿ?" ಎಂದು ಕೇಳಿದರೆ "ಮಿರಜಿಗ್ರಿ" ಎಂಬ ಒಂದೇ ಉತ್ತರ. ಏತಕ್ಕೆಂದು ಯಾರೂ ಮುಂದೆ ಕೇಳುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ "ಮಿರಜಿಗೆ ಒಯ್ದಾರ" ಎಂದರೆ ಬೇನೆ ದೊಡ್ಡದೆಂದೇ ಅರ್ಥ.

ಚಿಕಿತ್ಸೆಗಾಗಿ ಪರದೇಶ ಪ್ರಯಾಣವೆಂದೊಡನೆ ನಮಗೆ ನೆನಪಾಗುವುದು ಹಡಗು, ವಿಮಾನ, ಹಿಮದ ಬೆಟ್ಟಗಳು. ಕ್ಷಯರೋಗದಿಂದ ಬಳಲುತ್ತಿದ್ದ ಕಮಲಾ ನೆಹರೂ ಅವರು ಯುರೋಪಿಗೆ ಹೋಗಿ, 1936ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕಣ್ಣು ಮುಚ್ಚಿದ ಸಂಗತಿ ಹಿರಿಯರಿಗೆಲ್ಲ ತಿಳಿದುದೇ. ಆದರೆ ನಮ್ಮ ಸಾವಿರಾರು ಸಂಸಾರಗಳಿಗೆ ಪರದೇಶವು ಅಷ್ಟು ದೂರದಲ್ಲಿಲ್ಲ. ಗಾಡಿಯು ರಾಯಬಾಗ, ಚಿಂಚಲಿ, ಕುಡಚಿಗಳನ್ನು ಹಿಂದಿಕ್ಕಿ, ಕೃಷ್ಣೆಯ ಸೇತುವೆಯನ್ನು ದಾಟಿ, ಉಗಾರ, ಶೇಡಬಾಳಗಳನ್ನು ಹಾದು ಮಿರಜದಲ್ಲಿ ನಿಂತಿತೆಂದರೆ ಸ್ಟೇಶನ್ನಿನ ಫಲಕ ಬೇರೆ, ಕೂಲಿಯವನ ಭಾಷೆ ಬೇರೆ, ಸರಕಾರ ಬೇರೆ. ನೂರು ಕಿಲೋಮೀಟರನ್ನೂ ಮುಟ್ಟದ ಈ ಪ್ರಯಾಣದಲ್ಲಿ, ಲಂಡನ್ನಿಗೆ ಹೋಗುವ ರೋಗಿಗೆ ಎದುರಾಗುವ ತೊಡಕುಗಳೆಲ್ಲ ಸಣ್ಣ ಪ್ರಮಾಣದಲ್ಲಿ ಎದುರಾಗುತ್ತವೆ.

ಮಿರಜದ ಹೆಸರು ಬಂದ ಬಗೆ

ಮಿರಜಕ್ಕೆ ರೋಗಿಗಳು ಹೋಗುವುದು ಇಂದು ನಿನ್ನೆಯ ಮಾತಲ್ಲ. 1872ರಲ್ಲಿ ಕುರುಂದವಾಡದಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಾಗ ಅವರನ್ನು ಚಿಕಿತ್ಸೆಗೆಂದು ಒಯ್ದುದು ಮಿರಜಕ್ಕೇ. ದೃಷ್ಟಿ ಮರಳಲಿಲ್ಲ. ಆದರೆ ಅಲ್ಲಿಯೇ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯತ್ವ ದೊರೆತು, ಹಿಂದುಸ್ಥಾನಿ ಸಂಗೀತಕ್ಕೆ ಒಬ್ಬ ಮಹಾಪುರುಷ ದೊರೆತನು.

ಆ ಊರನ್ನು ವೈದ್ಯಕ್ಕೆ ಹೆಸರುವಾಸಿ ಮಾಡಿದವರು ಕೆನಡಾ ದೇಶದ ವಿಲಿಯಂ ಜೇಮ್ಸ್ ವಾನ್‌ಲೆಸ್. 1889ರಲ್ಲಿ ಈ ಸೀಮೆಗೆ ಬಂದ ಈ ಮಿಶನರಿ ವೈದ್ಯರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದರು. ಕಣ್ಣಿನ ಪೊರೆ ತೆಗೆಯುವುದರಲ್ಲಿಯೂ ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿಯೂ ಅವರ ಕೈಗುಣದ ಕೀರ್ತಿ ದೂರದೂರದ ಹಳ್ಳಿಗಳಿಗೆ ಹಬ್ಬಿತು. ರೋಗಿಯ ಜೊತೆಗೆ ಬಂಧುಬಳಗವೂ ಬಂದು, ಒಲೆ ಹೂಡಿ, ಅಡಿಗೆ ಮಾಡಿಕೊಂಡು ಇರುತ್ತಿತ್ತು. ಸರಕಾರವು 1928ರಲ್ಲಿ ಅವರಿಗೆ 'ಸರ್' ಪದವಿಯನ್ನಿತ್ತಿತು. 1933ರಲ್ಲಿ ಅವರು ತೀರಿಕೊಂಡರು. ಕ್ಷಯರೋಗಿಗಳ ಆರೋಗ್ಯಧಾಮವಿದ್ದ ವಾನ್‌ಲೆಸ್‌ವಾಡಿಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಆ ಒಂದು ಆಸ್ಪತ್ರೆಯ ಕೀರ್ತಿಯ ಬೆನ್ನಿಗೆ ಹತ್ತಾರು ದವಾಖಾನೆಗಳು ಎದ್ದು, ಮಿರಜವು ರೋಗಿಗಳ ಊರಾಗಿ ಬೆಳೆಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಂದು ಗೋಕಾಕ, ಹುಕ್ಕೇರಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿದ್ದವು. ಮಿರಜವು ಸಂಸ್ಥಾನಿಕರ ಆಳ್ವಿಕೆಯಲ್ಲಿತ್ತು. 1948ರಲ್ಲಿ ಸಂಸ್ಥಾನವು ವಿಲೀನವಾಗಿ ಎಲ್ಲವೂ ಒಂದೇ ರಾಜ್ಯವಾಯಿತು. ಒಂಬತ್ತು ವರ್ಷ ಕಳೆಯುವುದರೊಳಗೆ, 1956ರ ನವೆಂಬರ್ 1ರಂದು, ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿತು. ಮಿರಜವು ಮುಂಬಯಿಯಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಗಡಿ ಹೀಗೆ ಹಿಂದೆ ಮುಂದೆ ಸರಿಯಿತು. ರೋಗಿಗಳ ದಾರಿ ಮಾತ್ರ ಸರಿಯಲಿಲ್ಲ. ಗೋಕಾಕ, ಮೂಡಲಗಿಯವರು ರೈಲಿನಿಂದ ಮಿರಜಕ್ಕೆ, ಹುಕ್ಕೇರಿಯವರು ಸಂಕೇಶ್ವರ, ನಿಪ್ಪಾಣಿಗಳ ಮೇಲೆ ಹಾಯ್ದು ಕೊಲ್ಹಾಪುರಕ್ಕೆ ಹೋಗುತ್ತಲೇ ಇದ್ದಾರೆ.

ಹೋಗಲೇಬೇಕೆ?

ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಯೆಂದರೆ, ಈ ಚಿಕಿತ್ಸೆ ಇಲ್ಲಿಯೇ ದೊರೆಯದೆ ಎಂಬುದು. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ದವಾಖಾನೆಗಳಿಗೂ ಸಲ್ಲುತ್ತದೆ. ಅಜ್ಜನ ಕಾಲದಲ್ಲಿ ಮಿರಜಕ್ಕೆ ಹೋಗುವುದು ಅನಿವಾರ್ಯವಾಗಿದ್ದಿತು; ಮೊಮ್ಮಗನ ಕಾಲದಲ್ಲಿ ಅದು ಎಷ್ಟೋ ವೇಳೆ ರೂಢಿ ಮಾತ್ರ. ಘಟಪ್ರಭಾದಲ್ಲಿಯೇ 1929ರಷ್ಟು ಹಿಂದೆ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು, ಸೇವಾದಳದ ಡಾ. ನಾ. ಸು. ಹರ್ಡೀಕರರ ಹೆಸರು ಅದರೊಂದಿಗೆ ಬೆಸೆದುಕೊಂಡಿದೆ. ಬೆಳಗಾವಿಯಲ್ಲಿ 1963ರಲ್ಲಿ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜು ಆರಂಭವಾಯಿತು. ಇಂದು ಕೆ.ಎಲ್.ಇ. ಸಂಸ್ಥೆಯ ದೊಡ್ಡ ಆಸ್ಪತ್ರೆಯೂ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಅಲ್ಲಿವೆ.

ಈ ವಿಷಯದಲ್ಲಿ ಮದರಾಸಿನ ಒಂದು ಪ್ರಯೋಗವು ಜಗತ್ತಿಗೇ ಪಾಠವಾಯಿತು. ಕ್ಷಯರೋಗಿಯನ್ನು ಊರು ಬಿಡಿಸಿ, ತಂಪು ಹವೆಯ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇರಿಸಿದರೆ ಮಾತ್ರ ಗುಣವೆಂಬ ನಂಬಿಕೆ ಎಲ್ಲೆಡೆಯೂ ಇತ್ತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದವರು ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಮನೆಯಲ್ಲಿಯೂ ಇರಿಸಿ, ಅವೇ ಔಷಧಗಳನ್ನು ಒಂದು ವರ್ಷ ಕೊಟ್ಟರು. 1959ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಚಕಿತಗೊಳಿಸಿತು. ಇಕ್ಕಟ್ಟಿನ ಮನೆಯಲ್ಲಿ, ಸಾಧಾರಣ ಊಟದಲ್ಲಿ ಉಳಿದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಗುಣ ಮಾಡಿದ್ದು ದೂರದ ಹವೆಯಲ್ಲ, ತಪ್ಪದೆ ನುಂಗಿದ ಔಷಧ.

ಆದುದರಿಂದ ಊರ ವೈದ್ಯರನ್ನು ಮೂರು ಮಾತು ಕೇಳಿರಿ: ಬೇನೆಯ ಹೆಸರೇನು? ಅದಕ್ಕೆ ಬೇಕಾದ ತಜ್ಞರು ಬೆಳಗಾವಿಯಲ್ಲಿ ಇಲ್ಲವೆ? ಎಷ್ಟು ದಿನದೊಳಗೆ ಚಿಕಿತ್ಸೆಯಾಗಬೇಕು? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಹೊರಡುವವನು ಅರ್ಧ ಗೆದ್ದಂತೆ.

ಗಂಟಿನಲ್ಲಿ ಏನಿರಬೇಕು?

ರೊಟ್ಟಿಯ ಗಂಟನ್ನು ಕಟ್ಟಲು ಮನೆಯ ಹೆಂಗಸರು ಮರೆಯುವುದಿಲ್ಲ. ಕಾಗದದ ಗಂಟನ್ನು ಕಟ್ಟಲು ಗಂಡಸರು ಮರೆಯುತ್ತಾರೆ. ಹಳೆಯ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳು ತಾರೀಖಿನ ಕ್ರಮದಲ್ಲಿ ಒಂದೇ ಕಡೆ ಇರಬೇಕು. ಇಲ್ಲವಾದರೆ ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸಿ, ಮತ್ತೆ ಹಣ ತೆರಬೇಕಾದೀತು. ರೋಗಿಯು ದಿನವೂ ನುಂಗುವ ಗುಳಿಗೆಗಳ ಹೆಸರನ್ನೂ ಪ್ರಮಾಣವನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ. ಸಾಧ್ಯವಾದರೆ ಗುಳಿಗೆಗಳನ್ನೇ ಒಯ್ಯಿರಿ. "ಒಂದು ಕೆಂಪು ಗುಳಿಗಿ, ಒಂದು ಬಿಳಿ ಗುಳಿಗಿ" ಎಂಬ ವಿವರಣೆಯಿಂದ ಯಾವ ವೈದ್ಯನಿಗೂ ಉಪಯೋಗವಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಶಸ್ತ್ರಚಿಕಿತ್ಸೆಗೆ ಮೊದಲೇ ಅದನ್ನು ತಿಳಿಸತಕ್ಕದ್ದು. ತಿಳಿಸದಿದ್ದರೆ ರಕ್ತಸ್ರಾವದ ಭಯವಿದೆ. ಯಾವ ಔಷಧದಿಂದ ಹಿಂದೆ ಮೈಮೇಲೆ ದದ್ದು ಎದ್ದಿತ್ತು, ಉಸಿರು ಕಟ್ಟಿತ್ತು ಎಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು.

ಇನ್ನು ಹಣದ ಮಾತು. 2018ರಿಂದ ನಮ್ಮ ರಾಜ್ಯದಲ್ಲಿರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವುಂಟು. ಆದರೆ ಕಾರ್ಡು ಕಿಸೆಯಲ್ಲಿದ್ದ ಮಾತ್ರಕ್ಕೆ ಎಲ್ಲ ದವಾಖಾನೆಗಳ ಬಾಗಿಲೂ ತೆರೆಯುವುದಿಲ್ಲ. ಆ ದವಾಖಾನೆಯು ಯೋಜನೆಗೆ ಸೇರಿರಬೇಕು. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕಾಗಬಹುದು. ಗಡಿ ದಾಟುವವರು ಇದನ್ನು ಊರಲ್ಲಿದ್ದಾಗಲೇ ವಿಚಾರಿಸಿಕೊಳ್ಳಬೇಕೇ ಹೊರತು, ರೋಗಿಯನ್ನು ಗಾಲಿಮಂಚದ ಮೇಲೆ ಮಲಗಿಸಿಕೊಂಡಲ್ಲ. ಖಾಸಗಿ ವಿಮೆಯಿದ್ದವರೂ ಅಷ್ಟೇ. ಎಷ್ಟು ಖರ್ಚಾದೀತೆಂದು ಕೇಳುವಾಗ ಶಸ್ತ್ರಚಿಕಿತ್ಸೆಯ ಶುಲ್ಕವನ್ನಷ್ಟೇ ಕೇಳಿ ಸುಮ್ಮನಾಗಬೇಡಿರಿ. ಕೋಣೆಯ ಬಾಡಿಗೆ, ಔಷಧ, ರಕ್ತ, ತೀವ್ರ ನಿಗಾ ಘಟಕದ ದಿನವಹಿ ವೆಚ್ಚ, ಜೊತೆಯವರ ಊಟ, ವಸತಿ ಇವೆಲ್ಲವನ್ನೂ ಸೇರಿಸಿ ಬರೆದು ಕೊಡಿರೆಂದು ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಮರಳುವ ವಾಹನದ ಹಣವನ್ನು ಮೊದಲ ದಿನವೇ ಬೇರೆ ತೆಗೆದಿಡುವುದು ಜಾಣತನ.

'ಉಠಾ' ಮತ್ತು 'ಊಟ'

ಭಾಷೆಯ ತೊಡಕನ್ನು ಹೇಳುವಾಗ ನನಗೆ ನಮ್ಮ ದೊಡ್ಡಪ್ಪನ ನೆನಪಾಗದೆ ಇರದು. ಮೂಡಲಗಿಯ ಹತ್ತಿರದ ಹಳ್ಳಿಯವರು. ಅರವತ್ತೆಂಟು ವರ್ಷದ ಒಕ್ಕಲಿಗರು. ಪಿತ್ತಕೋಶದಲ್ಲಿ ಹರಳುಗಳಾಗಿ ಗಡಿಯಾಚೆಯ ಒಂದು ದವಾಖಾನೆಗೆ ಸೇರಿದ್ದರು. ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ರಾತ್ರಿಯಿಂದ ಏನೂ ತಿನ್ನಬಾರದೆಂದು ವೈದ್ಯರು ಹೇಳಿದ್ದರು. ಹೇಳಿದ್ದು ಮರಾಠಿಯಲ್ಲಿ, ಕೇಳಿಸಿಕೊಂಡದ್ದು ಅಣ್ಣ. ದೊಡ್ಡಪ್ಪನಿಗೆ ಅರ್ಥವಾಗಿದೆಯೆಂದು ಅಣ್ಣ ತಿಳಿದ. ಅಣ್ಣ ಹೇಳುವನೆಂದು ನರ್ಸು ತಿಳಿದಳು.

ಬೆಳಿಗ್ಗೆ ಐದು ಗಂಟೆಗೆ ಅಣ್ಣ ಚಹಾ ಕುಡಿಯಲು ಕೆಳಗಿಳಿದಿದ್ದ. ನರ್ಸು ಬಂದು, ಸಿದ್ಧತೆಗಾಗಿ ಮುದುಕರನ್ನು ಎಬ್ಬಿಸುತ್ತ, "ಉಠಾ ಬಾಬಾ, ಉಠಾ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು. ಮರಾಠಿಯಲ್ಲಿ ಅದರ ಅರ್ಥ 'ಏಳಿರಿ' ಎಂದು. ದೊಡ್ಡಪ್ಪನ ಕಿವಿಗೆ ಅದು 'ಊಟ' ಎಂದು ಬಿತ್ತು. ರಾತ್ರಿಯಿಂದ ಹಸಿದಿದ್ದ ಜೀವ. ಎದ್ದು ಕುಳಿತು, ಗಂಟು ಬಿಚ್ಚಿ, ಎರಡು ಜೋಳದ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಸಾವಕಾಶವಾಗಿ ಉಂಡು, ನೀರು ಕುಡಿದು, ಕೈತೊಳೆದು ಕುಳಿತುಬಿಟ್ಟರು!

ಅಣ್ಣ ಬಂದು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ದೊಡ್ಡಪ್ಪನ ಸಮಾಧಾನ ಮಾತ್ರ ಕದಡಲಿಲ್ಲ. "ನರ್ಸಬಾಯಿನ ಊಟ ಅಂದ್ಲಪಾ, ನಾ ಉಂಡೆ. ನಂದೇನ ತಪ್ಪೈತಿ?" ಎಂದರು.

ಅಂದಿನ ಶಸ್ತ್ರಚಿಕಿತ್ಸೆ ನಿಂತುಹೋಯಿತು. ವೈದ್ಯರಿಗೆ ಮತ್ತೆ ಬಿಡುವು ದೊರೆತುದು ಮೂರು ದಿನಗಳ ಮೇಲೆ. ಮೂರು ದಿನದ ಕೋಣೆಯ ಬಾಡಿಗೆ. ಊರಲ್ಲಿ ಕಬ್ಬು ಕಡಿಯುವ ಆಳುಗಳು ಬೇರೆ ಹೊಲಕ್ಕೆ ಹೋದ ನಷ್ಟ ಬೇರೆ. ನಾವು ಈ ಕತೆಯನ್ನು ಹೇಳಿಕೊಂಡು ಇಂದಿಗೂ ನಗುತ್ತೇವೆ. ಆದರೆ ಅಣ್ಣ ಆ ಹೊತ್ತಿಗೆ ಬಾರದೆ, ತಿಂದ ಸಂಗತಿ ಯಾರಿಗೂ ತಿಳಿಯದೆ ಹೋಗಿದ್ದರೆ? ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದ ಅನ್ನವು ಮೇಲಕ್ಕೆ ಬಂದು ಶ್ವಾಸಕೋಶವನ್ನು ಸೇರಬಹುದು. ಅದು ಪ್ರಾಣಕ್ಕೆ ಎರವಾಗುವ ಅಪಾಯ. ಉಪವಾಸದ ಕಟ್ಟಳೆ ಇರುವುದು ಅದಕ್ಕಾಗಿ. ಆ ಮಾತನ್ನು ದೊಡ್ಡಪ್ಪನಿಗೆ ಅವರ ಭಾಷೆಯಲ್ಲಿ ಹೇಳಲು ಅರ್ಧ ನಿಮಿಷ ಸಾಕಾಗುತ್ತಿತ್ತು.

ಗಡಿಯಾಚೆಯ ದವಾಖಾನೆಗಳಲ್ಲಿ ಕನ್ನಡ ಬಲ್ಲ ಸಿಬ್ಬಂದಿ ದೊರೆಯುವುದುಂಟು. ಒಳಗೆ ಕಾಲಿಟ್ಟೊಡನೆ, "ಇಲ್ಲಿ ಕನ್ನಡ ಬಲ್ಲವರು ಯಾರು?" ಎಂದು ಕೇಳಿಕೊಳ್ಳಿರಿ. ವೈದ್ಯರು ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸಿರಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಅದರಲ್ಲಿ ಏನಿದೆಯೆಂಬುದನ್ನು ಕನ್ನಡದಲ್ಲಿ ಕೇಳಿ ತಿಳಿಯಿರಿ. ಢಾಕಾದಿಂದ ವೆಲ್ಲೂರಿಗೂ ಮಸ್ಕತ್ತಿನಿಂದ ಬೆಂಗಳೂರಿಗೂ ಚಿಕಿತ್ಸೆಗೆ ಬರುವವರ ಪಾಡೂ ಇದೇ. ಅವರಿಗಾಗಿ ಭಾರತ ಸರಕಾರವು ವೈದ್ಯಕೀಯ ವೀಸಾವನ್ನೂ ಜೊತೆಗಾರರಿಗೆ ಬೇರೆ ವೀಸಾವನ್ನೂ ಕೊಡುತ್ತದೆ. ಆದರೆ ಅರ್ಥವಾಗದ ಮಾತಿಗೆ ವೀಸಾ ಕೊಡುವವರಾರು?

ಗಡಿ ಮುಚ್ಚಿದ ದಿನಗಳು

ಗಡಿಯೆಂಬುದು ನಕ್ಷೆಯ ಗೆರೆ ಮಾತ್ರವೆಂದು ನಾವು ತಿಳಿದಿದ್ದೆವು. 2020ರಲ್ಲಿ ಕೋವಿಡ್ ಬಂದಾಗ ಆ ಗೆರೆಯ ಮೇಲೆ ತಡೆಗಂಬಗಳು ನಿಂತವು. ನಿಪ್ಪಾಣಿಯಾಚೆಯ ಕೊಗನೊಳ್ಳಿಯಲ್ಲಿ ವಾಹನಗಳನ್ನು ನಿಲ್ಲಿಸಿ ತಪಾಸಣೆ ನಡೆಯಿತು. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರು ಸೋಂಕಿಲ್ಲವೆಂಬ ವರದಿಯನ್ನು ತೋರಿಸಬೇಕಾಯಿತು. ಇದಕ್ಕಿಂತ ಕಠಿಣವಾದ ಅನುಭವ ಕಾಸರಗೋಡಿನವರದು. ಅಲ್ಲಿಯವರು ತಲೆತಲಾಂತರದಿಂದ ಚಿಕಿತ್ಸೆಗೆ ಮಂಗಳೂರನ್ನು ನಂಬಿದವರು. 2020ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬ್ಯುಲೆನ್ಸುಗಳು ಹಿಂದಿರುಗಿದವು. ಸಕಾಲಕ್ಕೆ ಚಿಕಿತ್ಸೆ ದೊರೆಯದೆ ಜನರು ಸತ್ತರು. ಮೊಕದ್ದಮೆಯು ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ ತಿಂಗಳಲ್ಲಿ ರೋಗಿಗಳನ್ನು ಬಿಡುವ ಬಗೆಗೆ ಎರಡೂ ರಾಜ್ಯಗಳಿಗೆ ಒಪ್ಪಿಗೆಯಾದ ಮೇಲೆಯೇ ದಾರಿ ತೆರೆಯಿತು. ದೂರದ ದವಾಖಾನೆಯನ್ನು ನಂಬಿದವರು ಹತ್ತಿರದಲ್ಲಿ ಒಬ್ಬ ವೈದ್ಯರ ಪರಿಚಯವನ್ನಾದರೂ ಇಟ್ಟುಕೊಂಡಿರಬೇಕೆಂಬುದು ಆ ದಿನಗಳು ಕಲಿಸಿದ ಪಾಠ.

ಕೇಳದೆ ಉಳಿದ ಪ್ರಶ್ನೆ

ನಗು ತರಿಸುವ ಒಂದು ಕತೆಯನ್ನು ಹೇಳಿದೆ. ನಗು ಬಾರದ ಇನ್ನೊಂದನ್ನೂ ಹೇಳಬೇಕು. ಹುಕ್ಕೇರಿಯಲ್ಲಿ ನಮ್ಮ ತಾಯಿಯ ಅಕ್ಕ, ದೊಡ್ಡವ್ವ, ಇದ್ದರು. ಅವರಿಗೆ ಅರ್ಬುದರೋಗ ಗೊತ್ತಾದಾಗ ಅದು ಆಗಲೇ ಯಕೃತ್ತಿಗೂ ಹಬ್ಬಿತ್ತು. ಮಕ್ಕಳು ಮೂವರೂ ತಾಯಿಯ ಮೇಲೆ ಪ್ರಾಣವಿಟ್ಟವರು. ಒಂದು ಊರಿನಲ್ಲಿ ಆಗದೆಂದರೆ ಇನ್ನೊಂದು ಊರು, ಅಲ್ಲಿ ಆಗದೆಂದರೆ ಮತ್ತೊಂದು. ನಾಲ್ಕು ತಿಂಗಳಲ್ಲಿ ಐದು ದವಾಖಾನೆಗಳು. ಎರಡು ಎಕರೆ ನೀರಾವರಿ ಜಮೀನು ಪರರ ಪಾಲಾಯಿತು. ಈ ಚಿಕಿತ್ಸೆಯಿಂದ ಬೇನೆ ಗುಣವಾದೀತೆ, ಆಯುಷ್ಯ ಕೆಲವು ತಿಂಗಳು ಬೆಳೆದೀತೆ, ಅಥವಾ ನೋವಷ್ಟೇ ಕಡಿಮೆಯಾದೀತೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ತಾಯಿಯ ಮೇಲೆ ಪ್ರೀತಿ ಕಡಿಮೆಯೆಂದಾದೀತೆಂಬ ಅಂಜಿಕೆ. ದೊಡ್ಡವ್ವನನ್ನಂತೂ ಯಾರೂ ಕೇಳಲೇ ಇಲ್ಲ. ಕೊನೆಯ ದವಾಖಾನೆಯಲ್ಲಿ ನಾನು ನೋಡಲು ಹೋದಾಗ ಅವರು ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಇಲ್ಲಿ ಯಾರ ಮಾತೂ ನಂಗ ತಿಳಿಯಂಗಿಲ್ಲೋ. ನನ್ನ ಮನೀಗೆ ಕರಕೊಂಡ ಹೋಗ್ರಿ."

ಕರೆದುಕೊಂಡು ಹೋಗುವ ಮಾತು ನಡೆಯುತ್ತಿರುವಾಗಲೇ ಅವರು ತೀರಿಕೊಂಡರು. ಪಕ್ಕದ ಮಂಚದವರೂ ನರ್ಸುಗಳೂ ಒಳ್ಳೆಯವರೇ ಆಗಿದ್ದರು. ಆದರೂ ತಮ್ಮ ಓಣಿಯ ಒಂದು ದನಿಯನ್ನು ಕೇಳದೆ ಹೋದ ಆ ಜೀವದ ಸಂಕಟವು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪ್ರಯಾಣಕ್ಕೆ ಮುನ್ನ ವೈದ್ಯರಿಗೆ ಕೇಳಲೇಬೇಕಾದ ಪ್ರಶ್ನೆ ಅದು: ಗುಣವೆ, ಕಾಲಾವಕಾಶವೆ, ನೋವಿನ ಶಮನವೆ? ಉತ್ತರ ಮೂರನೆಯದಾಗಿದ್ದರೆ, ಅದು ಎಷ್ಟೋ ಮಟ್ಟಿಗೆ ಊರ ಹತ್ತಿರದಲ್ಲಿಯೇ, ಮನೆಯವರ ನಡುವೆಯೇ ದೊರೆಯಬಲ್ಲುದು. ರೋಗಿಗೆ ತಿಳಿವಿದ್ದರೆ ಆ ನಿರ್ಧಾರ ರೋಗಿಯದೂ ಹೌದು.

ಮರಳಿ ಬಂದ ಮೇಲೆ

ಶಸ್ತ್ರಚಿಕಿತ್ಸೆಯಾಯಿತು, ಗಂಡಾಂತರ ಕಳೆಯಿತೆಂದು ಮನೆಯವರು ಊರ ದಾರಿ ಹಿಡಿಯುವ ಹೊತ್ತಿಗೆ ಚಿಕಿತ್ಸೆಯ ಅರ್ಧ ಭಾಗ ಉಳಿದೇ ಇರುತ್ತದೆ. ಬಿಡುಗಡೆಯ ಪತ್ರದಲ್ಲಿ ಮಾಡಿದ ಚಿಕಿತ್ಸೆ, ಕೊಟ್ಟ ಔಷಧ, ಹೊಲಿಗೆ ತೆಗೆಯುವ ದಿನ, ಮತ್ತೆ ತೋರಿಸಬೇಕಾದ ದಿನ ಎಲ್ಲವೂ ಸ್ಪಷ್ಟವಾಗಿ ಇವೆಯೇ ನೋಡಿರಿ. ಔಷಧದ ವ್ಯಾಪಾರಿ ಹೆಸರಿನ ಜೊತೆಗೆ ಮೂಲ ಹೆಸರನ್ನೂ ಬರೆಸಿಕೊಂಡರೆ ಗೋಕಾಕದ ಅಂಗಡಿಯಲ್ಲಿ ಹುಡುಕಾಡುವುದು ತಪ್ಪುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯ ತರುವಾಯ ತಾಸುಗಟ್ಟಲೆ ಅಲುಗಾಡದೆ ಕುಳಿತು ಬಂದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯವುಂಟು. ಎಂದು ಪ್ರಯಾಣ ಮಾಡಬಹುದು, ದಾರಿಯಲ್ಲಿ ಎಷ್ಟು ನಡೆದಾಡಬೇಕು ಎಂದು ಕೇಳಿಯೇ ಹೊರಡಬೇಕು. ಜ್ವರ, ಗಾಯದಲ್ಲಿ ಕೀವು, ಕಾಲು ಬಾತುಕೊಳ್ಳುವುದು, ಉಸಿರಿನ ತೊಂದರೆ ಕಂಡುಬಂದರೆ ಮುಂದಿನ ತಾರೀಖನ್ನು ಕಾಯದೆ ಹತ್ತಿರದ ವೈದ್ಯರಲ್ಲಿಗೆ ಧಾವಿಸಬೇಕು.

ಇದಕ್ಕಾಗಿಯೇ, ಹೊರಡುವಾಗ ಊರ ವೈದ್ಯರಿಗೆ ಹೇಳಿ ಹೋಗಬೇಕೆಂಬುದು. ಅವರನ್ನು ಕಡೆಗಣಿಸಿ ಕದ್ದು ಹೋದವನು, ಮರಳಿ ಬಂದು ಹೊಲಿಗೆಯ ಜಾಗ ಕೆಂಪೇರಿದಾಗ ಯಾವ ಮುಖ ಹೊತ್ತು ಅವರ ಬಾಗಿಲಿಗೆ ಹೋದಾನು?

ನಮ್ಮ ದೊಡ್ಡಪ್ಪ ಗುಣ ಹೊಂದಿ ಮರಳಿದರು. ಘಟಪ್ರಭಾದಲ್ಲಿ ಗಾಡಿಯಿಂದ ಇಳಿದೊಡನೆ ಸ್ಟೇಶನ್ನಿನ ಹೊರಗಿನ ಅಂಗಡಿಯವನು, "ಆರಾಮ ಆದಿರೇನ್ರಿ ಯಜಮಾನ್ರ? ಊಟ ಆತೇನು?" ಎಂದು ಕೇಳಿದ. ದೊಡ್ಡಪ್ಪ ಅಣ್ಣನ ಕಡೆ ತಿರುಗಿ, ತುಸು ಅನುಮಾನದಿಂದ, "ಇಂವ ಏಳು ಅಂತಾನೋ, ಉಣ್ಣು ಅಂತಾನೋ?" ಎಂದರು. ಉಣ್ಣುವ ಮಾತೇ ಎಂದು ಖಾತ್ರಿಯಾದ ಮೇಲೆ ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೋಡಬೇಕಾಗಿತ್ತು.